ಹಾವಸೆಯ ಕೋಟೆ

ನಮ್ಮ ಊರು ಬೀಡಿ. ಖಾನಾಪುರ ತಾಲ್ಲೂಕಿನ ಈ ಊರಿನ ಹೆಸರನ್ನು ಹೊರಗಿನವರ ಮುಂದೆ ಹೇಳಿದಾಗ, ಸೇದುವ ಬೀಡಿಯನ್ನು ನೆನೆದು ಮುಗುಳುನಗದವರು ಕಡಿಮೆ. ಹೆಸರು ಹುಟ್ಟಿದ್ದು ಹೇಗೆಂಬುದು ಪಂಡಿತರ ಪಾಲಿನ ಕೆಲಸ. ನನ್ನ ಕಿವಿಗೆ ಮಾತ್ರ ಅದರಲ್ಲಿ ‘ಬೀಡು’ ಎಂಬ ಹಳೆಯ ಮಾತು ಕೇಳಿಸುತ್ತದೆ. ದಂಡು ನಡೆದು ಬಂದು, ನೀರು ನೆರಳು ನೋಡಿ, ಡೇರೆ ಹೊಡೆದು ಇಳಿದರೆ ಬೀಡು ಬಿಟ್ಟಿತು ಎನ್ನುತ್ತೇವೆ. ಇಂದು ನಾನು ಹೇಳಹೊರಟಿರುವುದು ಅಂಥ ಒಂದು ಬೀಡಿನ ಕಥೆಯನ್ನೇ. ಆದರೆ ಈ ದಂಡಿನ ಆಳುಗಳು ಒಂದು ಕೂದಲೆಳೆಯ ಅಗಲದಲ್ಲಿ ಐವತ್ತು ಜನ ಸಾಲಾಗಿ ನಿಲ್ಲಬಲ್ಲಷ್ಟು ಸಣ್ಣವರು; ಅವರು ಬೀಡು ಬಿಡುವುದು ವೈದ್ಯರು ನಮ್ಮ ಮೈಯೊಳಗೆ ಇಟ್ಟ ನಳಿಕೆಯ ಮೇಲೆ, ಕೀಲಿನ ಮೇಲೆ, ತಂತಿಯ ಮೇಲೆ.

ಹೊಳೆಯ ಕಲ್ಲಿನ ಮೇಲೆ ಕಾಲಿಟ್ಟು ಜಾರಿಬಿದ್ದವರಿಗೆಲ್ಲ ಹಾವಸೆಯ ಪರಿಚಯವುಂಟು. ಮಲಪ್ರಭೆಯ ದಂಡೆಗೆ ಇಳಿದು ನೋಡಿದರೆ ಬೇಸಗೆಯಲ್ಲಿ ಹರಿಯುವ ನೀರು ತಿಳಿಯಾಗಿಯೇ ಇರುತ್ತದೆ; ನೀರೊಳಗಿನ ಬಂಡೆಯನ್ನು ಮುಟ್ಟಿದರೆ ಬೆರಳಿಗೆ ಲೋಳೆ ಹತ್ತುತ್ತದೆ. ಆ ಲೋಳೆಯಲ್ಲಿ ಎಣಿಕೆಗೆ ಸಿಗದಷ್ಟು ಸೂಕ್ಷ್ಮಾಣುಗಳು ಒಂದಕ್ಕೊಂದು ಅಂಟಿಕೊಂಡು, ತಾವೇ ಸ್ರವಿಸಿದ ಅಂಟಿನಲ್ಲಿ ಹುದುಗಿಕೊಂಡು ಬಾಳುತ್ತವೆ. ಇಂಥ ಪದರಕ್ಕೆ ವಿಜ್ಞಾನಿಗಳು ಬಯೋಫಿಲ್ಮ್ ಎನ್ನುತ್ತಾರೆ. ಜೀವಪೊರೆ ಎಂದು ಕನ್ನಡಿಸಬಹುದು. ಮೈಯೊಳಗಿನ ಪೊರೆಯಲ್ಲಿ ಬೆಳಕಿಲ್ಲವಾದ್ದರಿಂದ ಹಸಿರು ಪಾಚಿ ಇರುವುದಿಲ್ಲ, ನಿಜ. ಆದರೂ ನನಗೆ ಹಾವಸೆ ಎಂಬ ಮಾತೇ ಹಿತ. ಅದರಲ್ಲಿ ಜಾರುವ ಗುಣವೂ ಇದೆ, ತಿಕ್ಕಿದರೂ ಹೋಗದ ಹಟವೂ ಇದೆ.

ಇದನ್ನು ಮೊದಲು ಕಂಡಾತ ವೈದ್ಯನಲ್ಲ, ಬಟ್ಟೆಯ ವ್ಯಾಪಾರಿ. ಹಾಲೆಂಡಿನ ಡೆಲ್ಫ್ಟ್ ಪಟ್ಟಣದ ಲೇವನ್‌ಹುಕ್ ತಾನೇ ಉಜ್ಜಿ ಮಾಡಿಕೊಂಡ ಮಸೂರದ ಕೆಳಗೆ ತನ್ನ ಹಲ್ಲಿನ ಕೊಳೆಯನ್ನಿಟ್ಟು ನೋಡಿದ. ಅದರಲ್ಲಿ ಓಡಾಡುತ್ತಿದ್ದ ಜೀವಿಗಳನ್ನು ಕಂಡು ಬೆರಗಾಗಿ, 1683ರ ಸೆಪ್ಟೆಂಬರಿನಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಪತ್ರ ಬರೆದ. ಮುಂದೆ ಆತ ಇನ್ನೊಂದು ಸಂಗತಿಯನ್ನೂ ಗುರುತಿಸಿದ. ಹಲ್ಲನ್ನು ವಿನೆಗರಿನಿಂದ ತೊಳೆದರೆ ಕೊಳೆಯ ಹೊರಮೈಯಲ್ಲಿದ್ದ ಜೀವಿಗಳು ಸಾಯುತ್ತಿದ್ದವು. ಒಳಗಿದ್ದವಕ್ಕೆ ಏನೂ ಆಗುತ್ತಿರಲಿಲ್ಲ. ಮುನ್ನೂರು ವರ್ಷಗಳ ಮೇಲೆ ಆಸ್ಪತ್ರೆಗಳನ್ನು ಕಾಡಲಿದ್ದ ಸಮಸ್ಯೆ ಆ ಒಂದು ಮಾತಿನಲ್ಲಿ ಆಗಲೇ ಇತ್ತು. ಯಾರೂ ಗಮನಿಸಲಿಲ್ಲ.

ಗಮನಿಸದೆ ಹೋದದ್ದಕ್ಕೆ ಕಾರಣವಿಲ್ಲದಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಪಾಶ್ಚರ್ ಮತ್ತು ಕಾಕ್ ಕಟ್ಟಿದ ಶಾಸ್ತ್ರವೆಲ್ಲ ಒಂದೊಂದು ಜಾತಿಯ ಸೂಕ್ಷ್ಮಾಣುವನ್ನು ಬೇರ್ಪಡಿಸಿ, ಶುದ್ಧವಾಗಿ ಬೆಳೆಸಿ, ಪರೀಕ್ಷಿಸುವ ಶಾಸ್ತ್ರ. ಕಾಲರಾ, ಕ್ಷಯ, ಪ್ಲೇಗುಗಳ ಮೂಲ ತಿಳಿದದ್ದು ಅದರಿಂದಲೇ. ಆದರೆ ಗುಂಪಿನಿಂದ ಬೇರ್ಪಟ್ಟು ಸಾರಿನಲ್ಲಿ ಒಂಟಿಯಾಗಿ ತೇಲುವ ಜೀವಿಯ ನಡತೆಯೇ ಬೇರೆ, ಕೇರಿ ಕಟ್ಟಿಕೊಂಡು ಕುಳಿತ ಜೀವಿಯ ನಡತೆಯೇ ಬೇರೆ ಎಂಬುದು ಆ ಶಾಸ್ತ್ರದ ಕಣ್ಣಿಗೆ ಬೀಳಲಿಲ್ಲ. 1943ರಲ್ಲಿ ಕ್ಯಾಲಿಫೋರ್ನಿಯಾದ ಕ್ಲಾಡ್ ಜೋಬೆಲ್ ಎಂಬಾತ ಸಮುದ್ರದ ನೀರನ್ನು ಸೀಸೆಗಳಲ್ಲಿಟ್ಟು, ನೀರಿಗಿಂತ ಗಾಜಿನ ಗೋಡೆಯ ಮೇಲೆಯೇ ಸೂಕ್ಷ್ಮಾಣುಗಳಿಗೆ ಹೆಚ್ಚು ಪ್ರೀತಿಯೆಂದು ತೋರಿಸಿದ. ಆಮೇಲೆ ಕೆನಡಾದ ಬಿಲ್ ಕಾಸ್ಟರ್ಟನ್ ಮತ್ತು ಸಂಗಡಿಗರು ಬೆಟ್ಟದ ತೊರೆಗಳ ಕಲ್ಲುಗಳನ್ನೇ ಎತ್ತಿ ನೋಡಿ, ತೇಲುವವಕ್ಕಿಂತ ಅಂಟಿ ಕುಳಿತವೇ ಎಷ್ಟೋ ಪಾಲು ಹೆಚ್ಚೆಂದು ಕಂಡುಕೊಂಡರು. 1978ರಲ್ಲಿ ಕಾಸ್ಟರ್ಟನ್ ಇದನ್ನು ಸಾಮಾನ್ಯ ಓದುಗರಿಗೂ ತಿಳಿಯುವಂತೆ ಅಮೆರಿಕದ ಪತ್ರಿಕೆಯೊಂದರಲ್ಲಿ ಬರೆದ. ಹೊಳೆಯ ಕಲ್ಲಿನಿಂದ ಮನುಷ್ಯನ ಮೈಗೆ ಬರಲು ಇನ್ನು ಒಂದೇ ಹೆಜ್ಜೆ ಉಳಿದಿತ್ತು.

ಅಷ್ಟರಲ್ಲಿ ಮನುಷ್ಯನ ಮೈಯೊಳಗೆ ಕಲ್ಲುಗಳು, ಎಂದರೆ ಸೂಕ್ಷ್ಮಾಣುಗಳ ಪಾಲಿಗೆ ಕಲ್ಲುಗಳಂಥವು, ಸಾಕಷ್ಟು ಸೇರಿದ್ದವು. ಮೂತ್ರ ಕಟ್ಟಿದವರಿಗೆ ನಳಿಕೆ ಹಾಕುವುದು ಹಳೆಯ ವಿದ್ಯೆ. ನಮ್ಮ ಸುಶ್ರುತನೂ ನಾಡೀಯಂತ್ರಗಳ ಮಾತೆತ್ತಿದ್ದಾನೆ. ಆದರೆ ಅವನ್ನು ಹಾಕಿ ತೆಗೆಯುತ್ತಿದ್ದರು. ಒಳಗೇ ನಿಲ್ಲುವಂತೆ ತುದಿಗೆ ಪುಗ್ಗೆಯನ್ನಿಟ್ಟ ನಳಿಕೆ ಅಮೆರಿಕದ ಡಾಕ್ಟರ್ ಫೋಲಿಯದು. ಅದು ಬಳಕೆಗೆ ಬಂದದ್ದು 1930ರ ದಶಕದಲ್ಲಿ. 1949ರಲ್ಲಿ ಲಂಡನ್ನಿನ ಹೆರಾಲ್ಡ್ ರಿಡ್ಲಿ ಕಣ್ಣಿನೊಳಗೆ ಕೃತಕ ಮಸೂರವನ್ನಿಟ್ಟ. 1958ರ ಅಕ್ಟೋಬರಿನಲ್ಲಿ ಸ್ಟಾಕ್‌ಹೋಮಿನಲ್ಲಿ ಆರ್ನೆ ಲಾರ್ಸನ್ ಎಂಬಾತನ ಮೈಯೊಳಗೆ ಮೊದಲ ಪೇಸ್‌ಮೇಕರ್ ಸೇರಿತು. (ಆ ಯಂತ್ರ ಕೆಲವೇ ಗಂಟೆ ನಡೆಯಿತು, ಆ ಮನುಷ್ಯ ಮಾತ್ರ ಇಪ್ಪತ್ತಕ್ಕೂ ಹೆಚ್ಚು ಯಂತ್ರಗಳನ್ನು ಸವೆಸಿ 2001ರವರೆಗೆ ಬದುಕಿದ.) 1962ರಲ್ಲಿ ಜಾನ್ ಚಾರ್ನ್ಲಿ ಇಂಗ್ಲೆಂಡಿನಲ್ಲಿ ಸೊಂಟದ ಕೀಲನ್ನು ಬದಲಿಸುವ ವಿಧಾನವನ್ನು ಪಕ್ವಕ್ಕೆ ತಂದ. ಮೈಗೆ ಸೇರದ ವಸ್ತುವನ್ನು ಮೈ ಸಹಿಸಿಕೊಳ್ಳುವಂತೆ ಮಾಡಿದ್ದು ವೈದ್ಯಶಾಸ್ತ್ರದ ದೊಡ್ಡ ಗೆಲುವು. ಮೈಯೊಂದಿಗೆ ಸೂಕ್ಷ್ಮಾಣುಗಳೂ ಅದನ್ನು ಮೆಚ್ಚಿಕೊಂಡವೆಂಬುದೇ ತೊಡಕು.

1982ರಲ್ಲಿ ಕಾಸ್ಟರ್ಟನ್ ಮತ್ತು ಟಾಮ್ ಮ್ಯಾರಿ ಮೊದಲಾದವರು ಒಬ್ಬ ಪೇಸ್‌ಮೇಕರ್ ರೋಗಿಯ ವೃತ್ತಾಂತವನ್ನು ಪ್ರಕಟಿಸಿದರು. ಔಷಧ ಕೊಟ್ಟಾಗ ಅಡಗಿ, ನಿಲ್ಲಿಸಿದಾಗ ಮರುಕಳಿಸುವ ಜ್ವರ. ಕೊನೆಗೆ ತಂತಿಯನ್ನು ಹೊರತೆಗೆದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಅದರ ಮೈಗೆ ದಪ್ಪನೆಯ ಹಾವಸೆ ಕಟ್ಟಿತ್ತು. ತೊರೆಯ ಕಲ್ಲಿನ ಮೇಲೆ ಕಂಡದ್ದೇ ಇಲ್ಲಿಯೂ!

ಇದೆಲ್ಲ ನನಗೆ ಪುಸ್ತಕದ ಮಾತಾಗಿಯೇ ಉಳಿಯುತ್ತಿತ್ತು. ನನ್ನ ಚಿಗವ್ವ ಮಂಡಿಯ ಕೀಲು ಬದಲಿಸಿಕೊಳ್ಳದಿದ್ದರೆ ನಾನು ಈ ವಿಷಯದ ಬೆನ್ನು ಹತ್ತುತ್ತಲೂ ಇರಲಿಲ್ಲ. ದೂರದ ಊರೊಂದರ ಆಸ್ಪತ್ರೆಯಲ್ಲಿ ಶಸ್ತ್ರಕ್ರಿಯೆ ಚೆನ್ನಾಗಿಯೇ ಆಯಿತು. ಆರು ತಿಂಗಳು ಹೊಲದವರೆಗೆ ನಡೆದು ಬಂದಳು. ಏಳನೆಯ ತಿಂಗಳು ಮಂಡಿ ಬಿಸಿಯಾಯಿತು, ಊದಿತು, ಸಣ್ಣ ತೂತು ಬಿದ್ದು ಕೀವು ಜಿನುಗತೊಡಗಿತು. ಕೀವಿನಲ್ಲಿ ಬೆಳೆದದ್ದು ಸ್ಟೆಫೈಲೋಕಾಕಸ್ ಎಪಿಡರ್ಮಿಡಿಸ್. ಇದು ಎಲ್ಲರ ಚರ್ಮದ ಮೇಲೂ ಇರುವ, ಹುಟ್ಟಿದಂದಿನಿಂದ ನಮ್ಮೊಡನೆ ಬಾಳುವ ಸಾಧು ಜೀವಿ. ಪ್ರಯೋಗಶಾಲೆಯ ಕಾಗದದಲ್ಲಿ ಐದಾರು ಔಷಧಗಳ ಹೆಸರಿನ ಮುಂದೆ ‘ಪರಿಣಾಮಕಾರಿ’ ಎಂದು ಬರೆದಿತ್ತು. ಅವುಗಳಲ್ಲಿ ಎರಡನ್ನು ತಿಂಗಳುಗಟ್ಟಲೆ ಕೊಟ್ಟರು. ಕೀವು ನಿಂತಿತು, ಮತ್ತೆ ಬಂದಿತು. ಒಂದು ದಿನ ಚಿಗವ್ವ ನನ್ನನ್ನು ಕೇಳಿದಳು: “ತಮ್ಮಾ, ಕಾಗದದಾಗ ಔಷಧ ಹತ್ತತೈತಿ ಅಂತ ಬರದಾರ. ಮೈಯಾಗ ಯಾಕ ಹತ್ತವಲ್ದು?”

ಇಷ್ಟು ನೇರವಾದ ಪ್ರಶ್ನೆಯನ್ನು ನಾನು ಯಾವ ಪುಸ್ತಕದಲ್ಲಿಯೂ ಓದಿರಲಿಲ್ಲ.

ಉತ್ತರಕ್ಕೆ ನಾವು ಕಿತ್ತೂರಿಗೆ ಹೋಗಬೇಕು. ಬೀಡಿಗೆ ಅದು ದೂರವೇನೂ ಅಲ್ಲ. 1824ರ ಅಕ್ಟೋಬರ್ 23ರಂದು ಥ್ಯಾಕರೆ ಸಾಹೇಬ ಕೋಟೆಯ ಮುಂದೆ ಬಿದ್ದ ಕಥೆ ನಮ್ಮ ಮಕ್ಕಳಿಗೂ ಬಾಯಿಪಾಠ. ಬಯಲಿನಲ್ಲಿ ಸಿಕ್ಕ ಸೈನಿಕನನ್ನು ಹೊಡೆಯುವ ಗುಂಡು ಕೋಟೆಯೊಳಗೆ ಕುಳಿತವನನ್ನು ಮುಟ್ಟದು. ಪ್ರಯೋಗಶಾಲೆಯ ತಟ್ಟೆಯಲ್ಲಿ ಔಷಧ ಎದುರಿಸುವುದು ಬಯಲಿನ ಸೈನಿಕನನ್ನು. ಚಿಗವ್ವನ ಮಂಡಿಯಲ್ಲಿ ಎದುರಿಸಬೇಕಾದದ್ದು ಕೋಟೆಯವನನ್ನು. ಅಂಟಿನ ಗೋಡೆ ಔಷಧವನ್ನು ತಡೆಯುವುದು ಒಂದು ಕಾರಣ. ಇನ್ನೂ ದೊಡ್ಡ ಕಾರಣವಿದೆ. ಹಾವಸೆಯ ಆಳದಲ್ಲಿ ಆಹಾರ, ಆಮ್ಲಜನಕಗಳು ಕಡಿಮೆಯಾದ್ದರಿಂದ ಅಲ್ಲಿನ ಜೀವಿಗಳು ಬೆಳೆಯದೆ, ಒಡೆದು ಎರಡಾಗದೆ, ತೂಕಡಿಸುತ್ತ ಕುಳಿತಿರುತ್ತವೆ. ಪೆನಿಸಿಲಿನ್ ಮುಂತಾದ ಔಷಧಗಳು ಕೊಲ್ಲುವುದು ಬೆಳೆಯುವ ಜೀವಿಯನ್ನು, ಗೋಡೆ ಕಟ್ಟುವಾಗ ಕೈ ತಡೆದು. ಗೋಡೆಯನ್ನೇ ಕಟ್ಟದೆ ಮಲಗಿದವನ ಕೈಯನ್ನು ತಡೆಯುವುದೆಂತು? ತೇಲುವ ಜೀವಿಯನ್ನು ಕೊಲ್ಲುವ ಪ್ರಮಾಣದ ಸಾವಿರ ಪಟ್ಟು ಔಷಧ ಹಾವಸೆಗೆ ಬೇಕಾಗಬಹುದೆಂದು ಲೆಕ್ಕ ಹಾಕಿದ್ದಾರೆ. ಅಷ್ಟು ಕೊಟ್ಟರೆ ಹಾವಸೆಗಿಂತ ಮುಂಚೆ ರೋಗಿಯೇ ಹೋದಾನು. ಮೂತ್ರದ ನಳಿಕೆಯ ಲೆಕ್ಕ ಇನ್ನೂ ಸರಳ. ನಳಿಕೆ ಒಳಗಿದ್ದ ಒಂದೊಂದು ದಿನಕ್ಕೂ ನೂರರಲ್ಲಿ ಮೂರರಿಂದ ಏಳು ಜನರ ಮೂತ್ರದಲ್ಲಿ ಸೂಕ್ಷ್ಮಾಣುಗಳು ಹೊಸದಾಗಿ ಕಾಣಿಸಿಕೊಳ್ಳುತ್ತವೆ. ತಿಂಗಳಾಗುವ ಹೊತ್ತಿಗೆ ತಪ್ಪಿಸಿಕೊಂಡವರನ್ನು ಹುಡುಕಬೇಕು.

ಕಿತ್ತೂರಿನ ಕೋಟೆ ಡಿಸೆಂಬರಿನಲ್ಲಿ ಬಿದ್ದಿತು. ಒಳಗಿನವರೇ ಮದ್ದಿಗೆ ಸಗಣಿ ಬೆರೆಸಿದರೆಂದು ಜನ ಇಂದಿಗೂ ಹೇಳುತ್ತಾರೆ. ಇತಿಹಾಸಕಾರರು ಒಪ್ಪಲಿ, ಬಿಡಲಿ. ಹಾವಸೆಯ ಕೋಟೆಗೂ ಅಂಥದೇ ಒಂದು ಉಪಾಯ ಬೇಕೆಂದು ವಿಜ್ಞಾನಿಗಳಿಗೆ ತೋರಿದ್ದರಲ್ಲಿ ಆಶ್ಚರ್ಯವಿಲ್ಲ. ಆ ಉಪಾಯದ ಹೆಸರು ಪೆಪ್ಟೈಡ್.

ಪೆಪ್ಟೈಡ್ ಎಂದರೆ ಪ್ರೋಟೀನಿನ ಚಿಕ್ಕ ತುಣುಕು. ಅಮೈನೋ ಆಮ್ಲಗಳೆಂಬ ಮಣಿಗಳನ್ನು ನೂರಾರು ಪೋಣಿಸಿದರೆ ಪ್ರೋಟೀನು; ಹತ್ತೋ ನಲವತ್ತೋ ಪೋಣಿಸಿದರೆ ಪೆಪ್ಟೈಡು. ಇಂಥ ಕೆಲವು ಸರಗಳಿಗೆ ಸೂಕ್ಷ್ಮಾಣುಗಳನ್ನು ಕೊಲ್ಲುವ ಶಕ್ತಿಯುಂಟು. 1939ರಲ್ಲಿ ನ್ಯೂಯಾರ್ಕಿನ ರೆನೆ ಡ್ಯುಬೊ ಮಣ್ಣಿನ ಜೀವಿಯೊಂದರಿಂದ ಗ್ರಾಮಿಸಿಡಿನ್ ತೆಗೆದ. ಪೆನಿಸಿಲಿನ್ ಇನ್ನೂ ಔಷಧವಾಗಿರದ ಕಾಲ ಅದು. ಗ್ರಾಮಿಸಿಡಿನ್ ರೋಗಾಣುವನ್ನು ಕೊಂದಿತು, ಆದರೆ ರಕ್ತಕ್ಕೆ ಹಾಕಿದರೆ ರಕ್ತದ ಕಣಗಳನ್ನೂ ಒಡೆಯಿತು. ಗಾಯಕ್ಕೆ ಹಚ್ಚಲು ಮಾತ್ರ ಯೋಗ್ಯ. ಯುದ್ಧದ ನಡುವೆ, 1942ರಲ್ಲಿ, ಮಾಸ್ಕೋದಲ್ಲಿ ಗಾಜ್ ಮತ್ತು ಬ್ರಾಜ್ನಿಕೋವಾ ದಂಪತಿಗಳು ಅದರ ತಮ್ಮನಂಥ ಇನ್ನೊಂದನ್ನು ಕಂಡುಹಿಡಿದು, ಸೋವಿಯತ್ ಸೈನಿಕರ ಗಾಯಗಳಿಗೆ ಅದು ಆಸರೆಯಾಯಿತು. 1947ರಲ್ಲಿ ಪಾಲಿಮಿಕ್ಸಿನ್ ಬಂತು, ಅದರ ಬಂಧುವಾದ ಕೊಲಿಸ್ಟಿನ್ ಜಪಾನಿನಿಂದ ಬಂತು. ಇವು ಮೂತ್ರಪಿಂಡಕ್ಕೆ ಕೆಟ್ಟದ್ದೆಂದು ಎಪ್ಪತ್ತರ ದಶಕದಲ್ಲಿ ಮೂಲೆ ಸೇರಿ, ಬೇರೆ ಔಷಧಗಳೆಲ್ಲ ಸೋತ ಮೇಲೆ ಮತ್ತೆ ಕೈಗೆ ಬಂದವು.

ಇವೆಲ್ಲ ಸೂಕ್ಷ್ಮಾಣುಗಳು ಪರಸ್ಪರ ಕಾದಾಡಲು ಮಾಡಿಕೊಂಡ ಆಯುಧಗಳು. ಪ್ರಾಣಿಗಳೂ ಇಂಥವನ್ನು ಮಾಡುತ್ತವೆಂದು ಗಟ್ಟಿಯಾಗಿ ತಿಳಿದದ್ದು ತಡವಾಗಿ. ಸ್ವೀಡನ್ನಿನ ಹಾನ್ಸ್ ಬೋಮನ್ ಒಂದು ಜಾತಿಯ ಕಾಡುರೇಷ್ಮೆಯ ಕೋಶಗಳಿಗೆ ಸೂಕ್ಷ್ಮಾಣುಗಳನ್ನು ಚುಚ್ಚಿ, ಅವುಗಳ ರಕ್ತದಲ್ಲಿ ಸಿಕ್ರೋಪಿನ್ ಎಂಬ ಪೆಪ್ಟೈಡನ್ನು ಕಂಡ, ಪ್ರಕಟವಾದದ್ದು 1981ರಲ್ಲಿ. ನಮ್ಮ ಸಾಕುರೇಷ್ಮೆಯ ಹುಳುವಿನಲ್ಲಿಯೂ ಸಿಕ್ರೋಪಿನ್ ಇದೆ. ಆದರೆ ಲೋಕದ ಗಮನವನ್ನು ಸೆಳೆದದ್ದು ಕಪ್ಪೆ. ಅಮೆರಿಕದ ಮೈಕೆಲ್ ಝಾಸ್ಲಾಫ್ ಆಫ್ರಿಕದ ಒಂದು ಜಾತಿಯ ಕಪ್ಪೆಗಳ ಹೊಟ್ಟೆ ಕೊಯ್ದು, ಅಂಡಾಶಯ ತೆಗೆದು, ಹೊಲಿದು ಮತ್ತೆ ತೊಟ್ಟಿಗೆ ಬಿಡುತ್ತಿದ್ದ. ತೊಟ್ಟಿಯ ನೀರು ಕೊಳಕು. ಆದರೂ ಕಪ್ಪೆಗಳ ಗಾಯ ಕೀವಾಗದೆ ಮಾಯುತ್ತಿತ್ತು. ಎಷ್ಟೋ ಜನ ಇದನ್ನು ನೋಡಿದ್ದರು. ಈತ ಯಾಕೆಂದು ಕೇಳಿದ. ಕಪ್ಪೆಯ ಚರ್ಮದಲ್ಲಿ ಎರಡು ಪೆಪ್ಟೈಡುಗಳು ಸಿಕ್ಕವು. 1987ರಲ್ಲಿ ಪ್ರಕಟಿಸುವಾಗ ಹೀಬ್ರೂ ಭಾಷೆಯಲ್ಲಿ ಗುರಾಣಿ ಎಂಬರ್ಥದ ಮಾತಿನಿಂದ ಅವಕ್ಕೆ ಮ್ಯಾಗೈನಿನ್ ಎಂದು ಹೆಸರಿಟ್ಟ. ನಮ್ಮ ಸಹ್ಯಾದ್ರಿಯ ಕಪ್ಪೆಗಳೂ ಬರಿಗೈಯವಲ್ಲ. ಹೈಡ್ರೋಫೈಲಾಕ್ಸ್ ಬಹುವಿಸ್ತಾರ ಎಂಬ ಕಪ್ಪೆಯ ಚರ್ಮದಿಂದ ತಿರುವನಂತಪುರದ ಮತ್ತು ಅಮೆರಿಕದ ವಿಜ್ಞಾನಿಗಳು ತೆಗೆದ ಪೆಪ್ಟೈಡ್ ಒಂದು ಬಗೆಯ ಫ್ಲೂ ವೈರಸ್ಸನ್ನು ಒಡೆಯುತ್ತದೆಂದು 2017ರಲ್ಲಿ ಪ್ರಕಟವಾಯಿತು. ಕೇರಳದ ಸುತ್ತುಗತ್ತಿಯ ಹೆಸರಿನಿಂದ ಅದನ್ನು ಉರುಮಿನ್ ಎಂದು ಕರೆದರು.

ಈ ಪೆಪ್ಟೈಡುಗಳು ಕೆಲಸ ಮಾಡುವ ಬಗೆ ಸ್ವಾರಸ್ಯವಾಗಿದೆ. ಅವುಗಳಲ್ಲಿ ಹೆಚ್ಚಿನವುಗಳ ಮೇಲೆ ಧನ ವಿದ್ಯುದಂಶವಿದೆ. ಸೂಕ್ಷ್ಮಾಣುವಿನ ಹೊರಮೈಯ ಮೇಲೆ ಋಣ ವಿದ್ಯುದಂಶ. ನಮ್ಮ ಜೀವಕೋಶಗಳ ಹೊರಮೈ ಹೆಚ್ಚುಕಡಿಮೆ ತಟಸ್ಥ. ಆದಕಾರಣ ಪೆಪ್ಟೈಡು ನಮ್ಮನ್ನು ಬಿಟ್ಟು ಸೂಕ್ಷ್ಮಾಣುವಿಗೇ ಹೋಗಿ ಹತ್ತುತ್ತದೆ, ಅದರ ಪೊರೆಯೊಳಗೆ ತೂರಿ ರಂಧ್ರ ಕೊರೆಯುತ್ತದೆ. ಸೂಕ್ಷ್ಮಾಣು ಬೆಳೆಯುತ್ತಿರಲಿ, ಮಲಗಿರಲಿ, ಪೊರೆಯಿಲ್ಲದೆ ಬದುಕುವಂತಿಲ್ಲ. ಹಾವಸೆಯ ತೂಕಡಿಸುವ ಜೀವಿಯ ಮೇಲೆ ಪೆನಿಸಿಲಿನ್ ಸೋತಲ್ಲಿ ಪೆಪ್ಟೈಡು ಗೆಲ್ಲಬಹುದೆಂಬ ಆಸೆ ಹುಟ್ಟಿದ್ದು ಇಲ್ಲಿಂದಲೇ.

ಈ ಆಸೆಗೆ ದನದ ಕೊಟ್ಟಿಗೆಯಿಂದ ಬೆಂಬಲ ಬಂದಿತೆಂದರೆ ನಮ್ಮ ಕಡೆಯವರಿಗೆ ಸಂತೋಷವಾದೀತು. ಬೆಳಗಾವಿಯ ಟಿಳಕವಾಡಿಯಲ್ಲಿ ವ್ಯಾಕ್ಸಿನ್ ಡಿಪೋ ಎಂಬ ವಿಶಾಲವಾದ ಜಾಗವಿದೆ. ಸಿಡುಬು ಜೀವಂತವಿದ್ದ ದಿನಗಳಲ್ಲಿ ಅಲ್ಲಿ ಕರುಗಳ ಚರ್ಮದ ಮೇಲೆ ಲಸಿಕೆಯನ್ನು ಬೆಳೆಸುತ್ತಿದ್ದರು. 1980ರಲ್ಲಿ ಲೋಕದಿಂದಲೇ ಸಿಡುಬು ತೊಲಗಿತೆಂದು ಸಾರಿದ್ದರಲ್ಲಿ ಆ ಕರುಗಳ ಪಾಲೂ ಇದೆ. ದನ ಮನುಷ್ಯನಿಗೆ ಎರಡನೆಯ ಸಲ ಸಾಲ ಕೊಡಲು ಮುಂದಾದದ್ದು ಹೀಗೆ: ದನದ ಬಿಳಿಯ ರಕ್ತಕಣಗಳಲ್ಲಿ ಬ್ಯಾಕ್ಟೆನೆಸಿನ್ ಎಂಬ ಹನ್ನೆರಡು ಮಣಿಗಳ ಸರ 1988ರಲ್ಲಿ ಇಟಲಿಯವರಿಗೆ ಸಿಕ್ಕಿತು, ಇಂಡೋಲಿಸಿಡಿನ್ ಎಂಬ ಹದಿಮೂರು ಮಣಿಗಳ ಇನ್ನೊಂದು ಸರ 1992ರಲ್ಲಿ ಅಮೆರಿಕದವರಿಗೆ ಸಿಕ್ಕಿತು. ಮೊದಲನೆಯದರ ಮಣಿಗಳನ್ನು ಅದಲುಬದಲು ಮಾಡುತ್ತ ಹೋಗಿ ಕೆನಡಾದ ಬಾಬ್ ಹ್ಯಾನ್ಕಾಕ್ ಅವರ ತಂಡ 1018 ಎಂಬ ಸಂಖ್ಯೆಯ ಪೆಪ್ಟೈಡನ್ನು ಮಾಡಿತು. ತೇಲುವ ಜೀವಿಯನ್ನು ಕೊಲ್ಲಲು ಸಾಲದಷ್ಟು ಕಡಿಮೆ ಪ್ರಮಾಣದಲ್ಲಿಯೂ ಅದು ಹಾವಸೆಯನ್ನು ಕರಗಿಸಿತೆಂದು 2014ರಲ್ಲಿ ವರದಿಯಾಯಿತು. ಬರಗಾಲ ಬಂದಾಗ ಸೂಕ್ಷ್ಮಾಣುಗಳು ತಮ್ಮೊಳಗೆ ಒಂದು ಅಪಾಯದ ಸಂಕೇತವನ್ನು ಹೊರಡಿಸುತ್ತವೆ; ಹಾವಸೆ ಕಟ್ಟುವುದಕ್ಕೂ ಉಳಿಸುವುದಕ್ಕೂ ಅದು ಬೇಕು. ಆ ಸಂಕೇತದ ಅಣುವನ್ನೇ ಈ ಪೆಪ್ಟೈಡು ಹಿಡಿದು ಕೆಡಿಸುತ್ತದೆಂದು ತಂಡದ ವಾದ. ಕೋಟೆಯೊಳಗೆ ಮದ್ದಿಗೆ ಸಗಣಿ ಬೆರೆಸಿದಂತೆಯೇ ಆಯಿತು! ಎರಡೇ ವರ್ಷಗಳಲ್ಲಿ ಬೇರೆ ವಿಜ್ಞಾನಿಗಳು ಈ ವಿವರಣೆಯನ್ನು ಪ್ರಶ್ನಿಸಿದರು. ಹಾವಸೆ ಕರಗುವುದು ನಿಜವಿರಬಹುದು, ಕಾರಣ ಅದಲ್ಲ ಎಂಬುದು ಅವರ ಪಕ್ಷ. ನನಗೆ ಈ ಜಗಳ ಆರೋಗ್ಯಕರವೆನಿಸುತ್ತದೆ. ನಮ್ಮ ಮೈಯಲ್ಲಿಯೇ ಹುಟ್ಟುವ ಎಲ್‌ಎಲ್-37 ಎಂಬ ಪೆಪ್ಟೈಡೂ ಕೊಲ್ಲುವ ಪ್ರಮಾಣಕ್ಕಿಂತ ಬಹಳ ಕಡಿಮೆಯಲ್ಲಿಯೇ ಹಾವಸೆ ಕಟ್ಟದಂತೆ ತಡೆಯುತ್ತದೆಂದು 2008ರಲ್ಲಿಯೇ ಕಂಡಿದ್ದರು.

ಎರಡನೆಯ ಸರದ ಕಥೆ ಸುಖಾಂತವಲ್ಲ. ಇಂಡೋಲಿಸಿಡಿನ್ನಿನಿಂದ ಒಮಿಗನಾನ್ ಎಂಬ ಲೇಪವನ್ನು ಮಾಡಿ, ರಕ್ತನಾಳಕ್ಕೆ ಹಾಕುವ ನಳಿಕೆಯ ಬಾಯಿಯ ಸುತ್ತ ಹಚ್ಚಿ, ಸೋಂಕು ಒಳಗಿಳಿಯದಂತೆ ಕಾಯುವುದು ಉದ್ದೇಶ. ದೊಡ್ಡ ಪರೀಕ್ಷೆಗಳಾದವು. ಚರ್ಮದ ಮೇಲಿನ ಜೀವಿಗಳು ಕಡಿಮೆಯಾದವು. ಆದರೆ ಮುಖ್ಯವಾದ ಗುರಿ ಈಡೇರಲಿಲ್ಲ. ಅದಕ್ಕೂ ಮುಂಚೆ ಮ್ಯಾಗೈನಿನ್ನಿನ ಮಗನಾದ ಪೆಕ್ಸಿಗನಾನ್ ಸಕ್ಕರೆ ಕಾಯಿಲೆಯವರ ಪಾದದ ಹುಣ್ಣಿಗೆ ಹಳೆಯ ಔಷಧಕ್ಕಿಂತ ಮೇಲೇನಲ್ಲವೆಂದು 1999ರಲ್ಲಿ ಅಮೆರಿಕದ ಔಷಧಾಡಳಿತದಿಂದ ತಿರಸ್ಕೃತವಾಗಿತ್ತು. ಪೆಪ್ಟೈಡುಗಳ ಕಷ್ಟಗಳು ಹಲವು. ನಮ್ಮ ರಕ್ತದ ಕಿಣ್ವಗಳು ಅವನ್ನು ಊಟದ ಪ್ರೋಟೀನಿನಂತೆ ಕತ್ತರಿಸಿಬಿಡುತ್ತವೆ. ರಕ್ತದ ಉಪ್ಪಿನಲ್ಲಿ ಅವುಗಳ ಸೆಳೆತ ಕುಗ್ಗುತ್ತದೆ. ಪ್ರಮಾಣ ಹೆಚ್ಚಿದರೆ ನಮ್ಮ ಕೋಶಗಳನ್ನೂ ಕಚ್ಚುತ್ತವೆ. ಮೇಲಾಗಿ ತಯಾರಿಕೆಗೆ ದುಬಾರಿ. ಬಾಲ ಕಟ್ಟಿದ ಪೆಪ್ಟೈಡೊಂದು, ಡ್ಯಾಪ್ಟೊಮೈಸಿನ್, 2003ರಲ್ಲಿ ಅನುಮತಿ ಪಡೆದು ಕೀಲು, ನಳಿಕೆಗಳ ಸೋಂಕಿನಲ್ಲಿಯೂ ವೈದ್ಯರ ಕೈಗೆ ಬಂದಿದೆ. ಮಣ್ಣಿನ ಜೀವಿಯಿಂದ ಬಂದದ್ದು ಅದು; ಕಪ್ಪೆಯ ಮಕ್ಕಳಿಗೆ ಆ ಭಾಗ್ಯ ಇನ್ನೂ ಬಂದಿಲ್ಲ. ಕೊಲಿಸ್ಟಿನ್ನಿನ ಕಥೆಯಂತೂ ನಮ್ಮ ಕೈಯಿಂದಲೇ ಕೆಟ್ಟದ್ದು. ಕೋಳಿಗಳು ಬೇಗ ಕೊಬ್ಬಲೆಂದು ಅದನ್ನು ಮೇವಿಗೆ ಬೆರೆಸಿದರು. ಅದಕ್ಕೆ ಬಗ್ಗದ ಗುಣವನ್ನು ಒಂದು ಸೂಕ್ಷ್ಮಾಣುವಿನಿಂದ ಇನ್ನೊಂದಕ್ಕೆ ದಾಟಿಸುವ ಜೀನ್ 2015ರಲ್ಲಿ ಚೀನಾದಲ್ಲಿ ಪತ್ತೆಯಾಯಿತು. ಭಾರತ ಸರಕಾರ ಆಹಾರದ ಪ್ರಾಣಿಗಳಿಗೆ ಕೊಲಿಸ್ಟಿನ್ ಕೊಡುವುದನ್ನು ನಿಷೇಧಿಸಿದ್ದು 2019ರ ಜುಲೈನಲ್ಲಿ.

ಚಿಗವ್ವನ ಮಂಡಿಗೆ ಪೆಪ್ಟೈಡು ಬರಲಿಲ್ಲ. ವೈದ್ಯರು ಹಳೆಯ ದಾರಿಯನ್ನೇ ಹಿಡಿದರು. ಕೀಲನ್ನು ಕಿತ್ತರು, ಔಷಧ ಬೆರೆಸಿದ ಸಿಮೆಂಟಿನ ಗಟ್ಟಿಯನ್ನು ಆ ಜಾಗದಲ್ಲಿಟ್ಟರು, ಎರಡು ತಿಂಗಳಾದ ಮೇಲೆ ಹೊಸ ಕೀಲನ್ನು ಕೂಡಿಸಿದರು. ಎರಡು ಶಸ್ತ್ರಕ್ರಿಯೆ, ಒಂದು ಎಕರೆ ಹೊಲ. ಕೋಲು ಹಿಡಿದು ನಡೆಯುತ್ತಾಳೆ.

ಬೆಂಗಳೂರಿನಲ್ಲಿ ನಡೆದ ಎರಡು ಕೆಲಸಗಳನ್ನು ಹೇಳದಿದ್ದರೆ ಈ ಬರಹ ಅರ್ಧವಾದೀತು. ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಜಯಂತ ಹಲ್ದಾರ್ ಅವರ ತಂಡ ಪೆಪ್ಟೈಡನ್ನು ಪೂರ್ತಿ ಕಟ್ಟುವ ಗೋಜಿಗೆ ಹೋಗದೆ ಅದರ ಗುಣವನ್ನು ಮಾತ್ರ ಎತ್ತಿಕೊಂಡಿತು. ಧನ ವಿದ್ಯುದಂಶಕ್ಕೆ ಲೈಸಿನ್ ಎಂಬ ಒಂದು ಮಣಿ, ಪೊರೆಗೆ ತೂರಲು ಎಣ್ಣೆಯ ಗುಣದ ಬಾಲ, ಇಷ್ಟೇ. ಕಿಣ್ವಗಳಿಗೆ ಕತ್ತರಿಸಲು ಉದ್ದನೆಯ ಸರವೇ ಇಲ್ಲ. ತಯಾರಿಕೆಯೂ ಸುಲಭ. ಇಂಥ ಅಣುಗಳು ಮಲಗಿದ ಜೀವಿಗಳನ್ನೂ ಕೊಂದು ಹಾವಸೆಯನ್ನೂ ಒಡೆಯುತ್ತವೆಂದು ಅವರು 2015ರಲ್ಲಿ ಪ್ರಕಟಿಸಿದರು.

ಅದೇ ವರ್ಷ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಇನ್ನೊಂದು ಪ್ರಯೋಗ ಬೆಳಕಿಗೆ ಬಂತು. ದೀಪಶಿಖಾ ಚಕ್ರವರ್ತಿ ಸೂಕ್ಷ್ಮಾಣುಗಳ ಅಭ್ಯಾಸದವರು. ಗೋಪಾಲನ್ ಜಗದೀಶ್ ಶಬ್ದದ ವೇಗವನ್ನು ಮೀರಿ ನುಗ್ಗುವ ಆಘಾತ ತರಂಗಗಳ ಅಭ್ಯಾಸದವರು, ವಿಮಾನ ಮತ್ತು ಕ್ಷಿಪಣಿಯ ಕಡೆಯವರು. ಇಬ್ಬರೂ ಸೇರಿ, ಹಾವಸೆ ಕಟ್ಟಿದ ಮೂತ್ರದ ನಳಿಕೆಗಳನ್ನು ತೆಗೆದುಕೊಂಡು ಅವುಗಳ ಮೇಲೆ ಆಘಾತ ತರಂಗವನ್ನು ಹಾಯಿಸಿದರು. ಹಾವಸೆ ಕಳಚಿತು. ಸೋಂಕು ತಗಲಿದ ಇಲಿಗಳ ಶ್ವಾಸಕೋಶದ ಮೇಲೂ, ಚರ್ಮದ ಹೊಲಿಗೆಯ ಮೇಲೂ ಹಾಯಿಸಿ ನೋಡಿದರು. ಸಿಪ್ರೋಫ್ಲಾಕ್ಸಸಿನ್ ಒಂದನ್ನೇ ಕೊಟ್ಟ ಇಲಿಗಳಲ್ಲಿ ಫಲ ಕಾಣಲಿಲ್ಲ. ತರಂಗ ಹಾಯಿಸಿ ಅದೇ ಔಷಧವನ್ನು ಕೊಟ್ಟಾಗ ಅದು ಹತ್ತಿತು.